ಅವ್ವನ ಕುತ್ತಿಗೆ, ನನ್ನ ಎಡಗಾಲು

ಗುಡೂರು, ಶನಿವಾರ
14ನೇ ನವೆಂಬರ್ 1908

ಸೊಲ್ಲಾಪುರದ ಗಿರಣಿಯಲ್ಲಿರುವ ಅಪ್ಪನವರಿಗೆ ಮಲಕಪ್ಪನ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಹತ್ತಿಯ ಧೂಳು ಹೋಗದಂತೆ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಇಲ್ಲಿ ಅಜ್ಜಿ ಗಟ್ಟಿ ಇದ್ದಾಳೆ, ಕುರಿಗಳು ಗಟ್ಟಿ ಇವೆ. ಅವ್ವ ಗಟ್ಟಿ ಇಲ್ಲ. ನಿಮ್ಮ ಕಾಗದ ಮುಟ್ಟಿತು. ಬೀರಲಿಂಗಪ್ಪ ಮಾವನ ಅಕ್ಷರದಲ್ಲಿ 'ಹಟ ಮಾಡಬ್ಯಾಡ, ನಿಮ್ಮವ್ವನ ಕುತ್ತಿಗಿಗೆ ಒಂದ ಸಲ ಒದ್ದಬಿಡು' ಎಂದು ನೀವು ಬರೆಸಿದ್ದನ್ನು ಅಜ್ಜಿ ನನ್ನಿಂದಲೇ ಮತ್ತೆ ಮತ್ತೆ ಓದಿಸಿದಳು. ಈ ಕಾಗದವನ್ನು ನಿಮಗೆ ಓದಿ ಹೇಳುವವರೂ ಮಾವನೇ ಆದರೆ, ಮಾವಾ, ಸಿಟ್ಟು ಬಂದರೂ ಸಾಲು ಬಿಡದೆ ಓದಿರಿ.

ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದದ್ದು ನನ್ನ ತಪ್ಪಲ್ಲ. ಅಂಥವರ ಎಡಗಾಲು ತಾಗಿದರೆ ಉಳುಕು ಬಿಡುತ್ತದೆಂದು ಊರು ನಂಬಿದ್ದೂ ನನ್ನ ತಪ್ಪಲ್ಲ. ನಡೆಯಲು ಕಲಿತಾಗಿನಿಂದ ಗುಡೂರಿನ ಅರ್ಧ ಸೊಂಟಗಳನ್ನು ಒದ್ದಿದ್ದೇನೆ. ಸಾಲೆ ಬಿಟ್ಟ ಮೇಲಂತೂ 'ಖಾಲಿ ಅದಾನ, ಕರೀರಿ' ಎಂದು ಹೊತ್ತಿಲ್ಲದ ಹೊತ್ತಿನಲ್ಲಿ ಕರೆಯುತ್ತಾರೆ. ಕಾಲು ನನ್ನದು, ಆದ್ದರಿಂದ ನನಗೆ ಗೊತ್ತು. ಒದೆಸಿಕೊಂಡವರಿಗೂ ನಾಲ್ಕು ದಿನಕ್ಕೆ ವಾಸಿ, ಒದೆಸಿಕೊಳ್ಳದವರಿಗೂ ನಾಲ್ಕು ದಿನಕ್ಕೆ ವಾಸಿ. ಉಳುಕು ಎಂದರೆ ಅಷ್ಟೇ. ಇದನ್ನು ಹೇಳಿದರೆ ಅಜ್ಜಿ, 'ಸಾಲಿ ಬಿಟ್ಟಾಂವ ಯಾವಾಗ ಡಾಕ್ಟರ ಆದ್ಯೋ' ಎನ್ನುತ್ತಾಳೆ.

ಅವ್ವನದು ಉಳುಕಲ್ಲ. ಕೊಡ ಹೊತ್ತು ಬಂದ ನೋವೆಂದು ಎಲ್ಲರೂ ಹೇಳುತ್ತಾರೆ. ಕೊಡ ಹೊರುವುದನ್ನು ಬಿಟ್ಟು ಎರಡು ತಿಂಗಳಾದರೂ ನೋವು ಏರುತ್ತಲೇ ಇದೆ. ಮಲಗಿದರೂ ಇಳಿಯುವುದಿಲ್ಲ. ಸಂಜೆಯಾದರೆ ಮೈ ಬಿಸಿ. ಕುಪ್ಪಸ ಸಡಿಲಾಗಿದೆ. ಏಳುವಾಗ ಎರಡೂ ಕೈಯಿಂದ ಗದ್ದ ಹಿಡಿದು, ತುಂಬಿದ ಗಡಿಗೆ ಎತ್ತುವಂತೆ ತನ್ನ ತಲೆಯನ್ನು ತಾನೇ ಎತ್ತುತ್ತಾಳೆ. ಕರೆದರೆ ಕುತ್ತಿಗೆ ತಿರುಗುವುದಿಲ್ಲ, ಇಡೀ ಅವ್ವ ತಿರುಗುತ್ತಾಳೆ. ಇದೆಲ್ಲ ಉಳುಕೇ ಎಂದು ಒಪ್ಪಿದರೂ ರೊಟ್ಟಿಗೆ ಏನು ಹೇಳಲಿ? ಅವ್ವ ಬಡಿದ ರೊಟ್ಟಿ ಈಗ ಒಂದು ಕಡೆ ದಪ್ಪ, ಒಂದು ಕಡೆ ಹರಿದಿರುತ್ತದೆ. ಬಲಗೈ ಬೆರಳುಗಳು ಮಾತು ಕೇಳುತ್ತಿಲ್ಲ. ಹಂಚು ತಾಗಿ ಬೆರಳು ಸುಟ್ಟದ್ದು ವಾಸನೆ ಬಂದ ಮೇಲೆ ಆಕೆಗೆ ತಿಳಿಯಿತು. ಚಪ್ಪಲಿ ಜಾರಿ ಹಿಂದೆ ಬಿದ್ದರೂ ಹಾಗೇ ನಡೆಯುತ್ತಾಳೆ, ಎಡವುತ್ತಾಳೆ. 'ತಲಿ ಬಗ್ಗಿಸಿದ್ರ ಬೆನ್ನಾಗ ಮಿಂಚ ಇಳದಂಗ ಆಗ್ತದೋ' ಎಂದು ನನಗೊಬ್ಬನಿಗೇ ಹೇಳಿದಳು. ನೋವು ಕುತ್ತಿಗೆಯಲ್ಲಿದ್ದರೆ ಕಾಲೇಕೆ ಎಡವಬೇಕು? ಊರವರನ್ನು ಕೇಳಿದೆ. ಬೀರಪ್ಪನ ಗುಡಿಯ ಅರಿಸಿನ ಭಂಡಾರ ಹಚ್ಚಿದರು. ಅದಕ್ಕೆ ನಾನು ಅಡ್ಡ ಬರಲಿಲ್ಲ, ಭಂಡಾರ ಯಾರ ಕುತ್ತಿಗೆಯನ್ನೂ ತಿರುವುವುದಿಲ್ಲ.

ಅವ್ವ ಬರಲು ಒಪ್ಪಲಿಲ್ಲವೆಂದು ನಾನೊಬ್ಬನೇ ಬಾಗಲಕೋಟೆಯ ದವಾಖಾನೆಗೆ ನಡೆದು ಹೋದೆ. ಡಾಕ್ಟರು ರೋಗಿ ಎಲ್ಲಿ ಎಂದರು, ಕರೆತಂದಿಲ್ಲವೆಂದಾಗ ಬೈದರು, ಬೈಯುತ್ತಲೇ ಎಲ್ಲ ಕೇಳಿದರು. ನೋಡದೆ ಖಚಿತ ಹೇಳಲಾರೆ, ಆದರೆ ಕುತ್ತಿಗೆಯ ಎಲುಬಿಗೆ ಕ್ಷಯ ಹತ್ತಿರಬಹುದು, ಸವೆದ ಎಲುಬು ಕೈಕಾಲಿಗೆ ಹೋಗುವ ನರದ ಹುರಿಯನ್ನು ಅದುಮುತ್ತಿರಬಹುದು ಎಂದರು. ಒದೆಯುವ ಮಾತು ಹೇಳಿದೆ. ಬರೆಯುವುದನ್ನು ನಿಲ್ಲಿಸಿದರು. 'ಹಂಗ ಮಾಡಿದ್ರ ಉಸರು ಅಲ್ಲೇ ನಿಂತೀತು. ತಿಕ್ಕಬ್ಯಾಡ್ರಿ, ಎಳೀಬ್ಯಾಡ್ರಿ. ಹಲಗಿ ಮ್ಯಾಲ ಮಲಗಿಸಿ, ತಲಿ ಎರಡೂ ಬಾಜೂ ಉಸುಕಿನ ಚೀಲ ಇಟ್ಟು ಲಗೂನ ಕರಕೊಂಡ ಬಾ.'

ಮನೆಗೆ ಬಂದು ಹೇಳಿದರೆ ಅಜ್ಜಿ ನಕ್ಕಳು. ಅದು ಹೋಗಲಿ, ಅವ್ವ ಅಂದದ್ದಕ್ಕೆ ನನಗೆ ತಲೆ ಕೆಟ್ಟಿದೆ. 'ಆ ಕಾಲಿಂದ ನಿನ್ನ ಹಡಿಯೂವಾಗ ನಾ ಸಾಯಬೇಕಿತ್ತು. ಈಗ ಅದ ಕಾಲು ನನ್ನ ಉಳಸಲಿ ಬಿಡೋ.' ನಾನು ಒಲ್ಲೆ ಎಂದೆ. ಅಜ್ಜಿ ಐಹೊಳೆಯ ಬಂಡೆಪ್ಪನಿಗೆ ಹೇಳಿ ಕಳಿಸಿದಳು. ಅವನೂ ನನ್ನಂತೆ ಹುಟ್ಟಿದವನು, ಮೇಲಾಗಿ ಕುಸ್ತಿ ಆಡುವವನು. ನಾಳೆ ರವಿವಾರ ಬೆಳಿಗ್ಗೆ ಒದೆಸುವುದೆಂದು ನಿಶ್ಚಯವಾಗಿದೆ.

ಅದಕ್ಕೇ ಇವತ್ತು ನಿಮ್ಮ ಮಾತು ಮೀರುತ್ತಿದ್ದೇನೆ. ಮೀರಿಲ್ಲವೆಂದು ಮುಂದೆ ವಾದಿಸುವುದಿಲ್ಲ. ನಿಮಗೆ ಅಜ್ಜಿಯ ಆಶೀರ್ವಾದವಿದೆ. ನನಗೆ ಈ ವಾರ ಯಾರದೂ ಇಲ್ಲ. ಮಾವನಿಗೆ ಶರಣು.

ನಿಮ್ಮ ಮಗ
ಮಲಕಪ್ಪ ಹುಲ್ಲಪ್ಪ

ತಾ.ಕ.: ಅಜ್ಜಿ ಬಂಡೆಪ್ಪನನ್ನು ಎದುರುಗೊಳ್ಳಲು ಊರ ಅಗಸೆ ಬಾಗಿಲಿಗೆ ಹೋಗಿದ್ದಾಳೆ. ನೆರೆಮನೆಯ ಮೀರಾಸಾಬ ಕಾಕಾ ಬಂಡಿ ಹೂಡಿದ್ದಾರೆ. ಕದ ಕಿತ್ತು ಅದರ ಮೇಲೆ ಅವ್ವನನ್ನು ಮಲಗಿಸಿದ್ದೇವೆ. ಹೊರಡಲು ಆಕೆ ಒಂದೇ ಶರತ್ತು ಹಾಕಿದಳು, ನನ್ನ ಕಾಲು ತಾಗಬೇಕು. ಕುತ್ತಿಗೆಗೆ ಇಡಲಾರೆ, ಬೇರೆಡೆ ಇಟ್ಟರೆ ಏನೂ ಆಗುವುದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. 'ಕೈ ಮ್ಯಾಲರೆ ಇಡು' ಎಂದು ಬಲಗೈ ಬಿಚ್ಚಿದಳು. ಎಡಗಾಲನ್ನು ಆಕೆಯ ಅಂಗೈಯಲ್ಲಿ ಊರಿದೆ. ಆಕೆ ಮೇಲೆ ತೊಲೆಯನ್ನೇ ನೋಡುತ್ತ ಕಾದಳು. ಆಮೇಲೆ, ನನ್ನ ಕಾಲು ಇನ್ನೂ ಅಲ್ಲೇ ಇರುವಾಗ, 'ಇನ್ನೂ ಯಾಕ ನಿಂತೀ, ಇಡೋ' ಎಂದಳು. ಅಪ್ಪ, ಗುಡೂರಿಗೆ ಬರಬೇಡಿ. ನೇರ ಬಾಗಲಕೋಟೆಯ ದವಾಖಾನೆಗೆ ಬನ್ನಿ.