ತೊಳೆಯಬಾರದ ಗೋಡೆ

ಅಕ್ಟೋಬರ್ 3, ಗುರುವಾರ
ಮೆಟ್ಟಿಲು ತಿಕ್ಕಿದೆ. ಟೀ. ಎರಡು ಬಸ್ ಹಿಡಿದು ಆಸ್ಪತ್ರೆ. ಮೇವಿಸಕ್ಕನ ಕೆಮ್ಮು ಸ್ವಲ್ಪ ಕಡಿಮೆ. ಡಾಕ್ಟರ್ ಮಾತ್ರ ಖಡಾಖಂಡಿತ — ಮಲಗುವ ಕೋಣೆಯ ಬೂಷ್ಟು ಹೋಗದೆ ಮನೆಗೆ ಕಳಿಸುವುದಿಲ್ಲ. ಇಲ್ಲವೇ ವೃದ್ಧಾಶ್ರಮ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಹುಟ್ಟಿದ ಮನೆಯಲ್ಲೇ ಮುದುಕಿಯಾದವಳು, ಪಾಪ.

ಮನೆ ಮಾಲೀಕ ಹಾರ್ಗ್ರೀವ್ಸ್‌ದು ಒಂದೇ ಮಂತ್ರ: "ಕಿಟಕಿ ತೆಗೆದಿಡಿ, ಸರಿಹೋಗುತ್ತೆ." ಸಾಕಾಗಿ ಊರಾಡಳಿತದ ಕೌನ್ಸಿಲ್‌ಗೆ ಫೋನ್ ಮಾಡಿದೆ. ಬಾಡಿಗೆ ಮನೆಗಳನ್ನು ಪರೀಕ್ಷಿಸುವುದಕ್ಕೇ ಜನ ಇದ್ದಾರಂತೆ. ಬುಧವಾರ ಬರುತ್ತಾರೆ.

ಅಕ್ಟೋಬರ್ 8, ಮಂಗಳವಾರ
ನಾಳೆ ಕೌನ್ಸಿಲ್‌ನವರು. ಅಂಥ ಗೋಡೆ ತೋರಿಸುವುದುಂಟೇ? ಬ್ಲೀಚ್ ಹಾಕಿ ತಿಕ್ಕಿ, ಉಳಿದಿದ್ದ ಬಿಳಿ ಬಣ್ಣ ಒಂದು ಕೈ ಬಳಿದೆ. ಬೆರಳು ಉರಿಯುತ್ತಿವೆ.

ಅಮ್ಮ ನೆನಪಾದಳು. ಬೀದಿಯನ್ನೇ ಕೆಡವಬೇಕೋ ಬೇಡವೋ ನೋಡಲು ಕೌನ್ಸಿಲ್‌ನವರು ಬಂದ ವರ್ಷ. ಮಿಲ್ಲಿನಿಂದ ಬಂದವಳೇ ಏಪ್ರನ್ ಕಟ್ಟಿದಳು. ಹಿತ್ತಲ ಕಕ್ಕಸಿಗೂ ಸುಣ್ಣ! ಮುಂಬಾಗಿಲ ಮೆಟ್ಟಿಲು ಅಕ್ಕನಿಗೂ ನನಗೂ. ಹಳೇ ಬಟ್ಟೆಯವನು ಚಿಂದಿಗೆ ಬದಲಾಗಿ ಕೊಡುತ್ತಿದ್ದ ಹಳದಿ ಕಲ್ಲಿನಿಂದ ಅಂಚಿಗೆ ಗೆರೆ ಎಳೆದಂತೆ ತಿಕ್ಕುವುದು ನನ್ನ ಪಾಲು. ಸೊಟ್ಟಗಾದರೆ ಅಕ್ಕನ ಗುದ್ದು. ಮಾರನೆಯ ದಿನ ಟೋಪಿಯವನೊಬ್ಬ ಬಂದ, ಮೆಟ್ಟಿಲನ್ನು ತುಳಿಯದೆ ದಾಟಿದ. ಎದುರು ಸಾಲು ನೆಲಸಮವಾಯಿತು, ನಮ್ಮದು ಉಳಿಯಿತು. ಮೆಟ್ಟಿಲೇ ಉಳಿಸಿತೆಂದು ಅಮ್ಮ ಸಾಯುವ ತನಕ ಹೇಳುತ್ತಿದ್ದಳು.

ಆಗೆಲ್ಲ ಪ್ರತಿ ಶುಕ್ರವಾರ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ತಂತಮ್ಮ ಮೆಟ್ಟಿಲ ಮುಂದೆ ಮಂಡಿಯೂರಿ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ… ಎಂಥ ದಿನಗಳು. ಈಗ ತಿಕ್ಕುವವಳು ನಾನೊಬ್ಬಳೇ.

ಅಕ್ಟೋಬರ್ 9
ಬಂದವಳು ನಸ್ರೀನ್ ಎಂಬ ಹುಡುಗಿ. ಚರ್ಚಿನ ಹಿಂದಿನ ಬೀದಿಯವಳೇ. ಗೋಡೆ ನೋಡಿದಳು. ಮೂಸಿದಳು.

"ಮಿಸ್ ಆಶ್‌ವರ್ತ್, ನಾನು ಬರ್ತೀನಂತ ತೊಳೆದ್ರಾ?"

"ಮತ್ತೆ? ಕೊಳಕು ಮನೆಗೆ ಜನಾನ ಕರೀಲಾ?"

"ಅಯ್ಯೋ! ನಮ್ಮಜ್ಜೀನೂ ಹೀಗೇ. ಡಾಕ್ಟರ್ ಬರ್ತಾರೆ ಅಂದ್ರೆ ಜ್ವರದಲ್ಲೇ ಎದ್ದು ಮನೆ ಗುಡಿಸ್ತಾಳೆ."

ತೇವ ಅಳೆಯುವ ಯಂತ್ರ ಒತ್ತಿದಳು. ಒದ್ದೆ ಎಂದು ತೋರಿಸಿತು. ಆದರೆ ಹೊರಗಿಂದ ಇಳಿದ ನೀರೋ, ನಾನು ತೊಳೆದ ನೀರೋ?

"ಮಾಲೀಕರು ಇದನ್ನೇ ಹಿಡ್ಕೊಂಡು ವಾದ ಮಾಡ್ತಾರೆ. ಮೂರು ವಾರ ಬಿಟ್ಟು ಬರ್ತೀನಿ. ಅಲ್ಲೀವರೆಗೂ ಗೋಡೆ ಮುಟ್ಟಬೇಡಿ. ದಮ್ಮಯ್ಯ."

ಮೂರು ವಾರ. ಅಷ್ಟರಲ್ಲಿ ಅಕ್ಕನನ್ನು ವೃದ್ಧಾಶ್ರಮಕ್ಕೆ ಹಾಕಿಬಿಟ್ಟರೆ? ಅಮ್ಮ ಯಾವ ಕೆಲಸದಿಂದ ಮನೆ ಉಳಿಸಿದಳೋ, ಅದೇ ಕೆಲಸದಿಂದ ನಾನು ಕೆಡಿಸಿದೆ. ಅಡುಗೆಮನೆಯಲ್ಲಿ ಕೂತು ಅತ್ತೆ.

ಅಕ್ಟೋಬರ್ 21
ಮೂಲೆಯಲ್ಲಿ ಮತ್ತೆ ಕಪ್ಪು. ಕೈ ತಡೆಯುತ್ತಿಲ್ಲ. ಬ್ಲೀಚು, ಗೋಡೆ ತಿಕ್ಕುವ ಬ್ರಷ್ಷು ಪಕ್ಕದ ಮನೆಯಲ್ಲಿ ಕೊಟ್ಟು ಬಂದೆ.

ಅಕ್ಕನನ್ನು ಇನ್ನೂ ಸಾಗಿಸಿಲ್ಲ. ವಿಷಯ ಹೇಳಿದರೆ ನಕ್ಕು ನಕ್ಕು ಕೆಮ್ಮಿದಳು. "ಲೇ, ಅಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು. ಮೆಟ್ಟಿಲಾದ್ರೂ ತಿಕ್ತಿದ್ದೀಯಾ?"

"ಅದನ್ನ ಬಿಡ್ತೀನಾ?"

ಮನೆಗೆ ಬಂದರೆ ಬಿಕೋ ಅನ್ನುತ್ತದೆ. ಬೈಯುವವರೂ ಇಲ್ಲ.

ಅಕ್ಟೋಬರ್ 30, ಬುಧವಾರ
ಗೋಡೆಯ ತುಂಬ ಕಪ್ಪು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ನಸ್ರೀನ್ ಫೋಟೋ ತೆಗೆಯುತ್ತ "ಶಭಾಷ್!" ಅಂದಳು. ಜೀವಮಾನದಲ್ಲೇ ಮನೆ ಕೊಳಕಾಗಿದ್ದಕ್ಕೆ ಶಭಾಷ್ ಅನ್ನಿಸಿಕೊಂಡೆ!

ಹೊರಗೋಡೆಯ ಮಳೆನೀರಿನ ಪೈಪು ಒಡೆದಿದೆಯಂತೆ. ಹಾರ್ಗ್ರೀವ್ಸ್‌ಗೆ ನೋಟಿಸ್. ಅವನು ಮಾಡಿಸದಿದ್ದರೆ ಕೌನ್ಸಿಲ್ಲೇ ಮಾಡಿಸಿ ಅವನಿಂದ ವಸೂಲು ಮಾಡುತ್ತದೆ. ಆಸ್ಪತ್ರೆಗೂ ತಾನೇ ಫೋನ್ ಮಾಡಿ, ಕಾಯಿರಿ ಎಂದಳು. ಬಂಗಾರದಂಥ ಹುಡುಗಿ.

ಡಿಸೆಂಬರ್ 19, ಗುರುವಾರ
ಹೊಸ ಪೈಪು. ಹೊಸ ಗಾರೆ. ನಸ್ರೀನ್ ನಿನ್ನೆ ಯಂತ್ರ ಒತ್ತಿ ತೋರಿಸಿದಳು — ಒಣಗಿದೆ.

ಇವತ್ತು ಅಕ್ಕ ಬರುತ್ತಾಳೆ! ಊಟದ ಹೊತ್ತಿಗೆ. ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟೆ. ಮಾಂಸ-ಆಲೂಗಡ್ಡೆ ಪೈ ಒಲೆಯಲ್ಲಿದೆ, ಅವಳಿಗೆ ಇಷ್ಟದ್ದು. ಗಾರೆಯವರ ಧೂಳು ಒರೆಸುವಷ್ಟರಲ್ಲಿ ಸುಸ್ತು. ಮೆಟ್ಟಿಲ ಮೇಲೆ ಇನ್ನೂ ಅವರ ಬೂಟಿನ ಗುರುತು. ಅಮ್ಮನ ಡಬ್ಬದಿಂದ ಹಳದಿ ಕಲ್ಲು ತೆಗೆದೆ, ಮಂಡಿ ಬಗ್ಗಲಿಲ್ಲ. ಸ್ವಲ್ಪ ಕೂತು, ಆಮೇಲೆ…

ಗಾಡಿ ನಿಂತ ಸದ್ದು. ಇಷ್ಟು ಬೇಗ!

ಅವಳದೇ ದನಿ, ಬೀದಿಗೆಲ್ಲ ಕೇಳುವಂತೆ — "ಈನಿಡ್! ಏನೇ ಇದು ಮೆಟ್ಟಿಲ ಗತಿ?"

ಬೈಯಲಿ. ಎಷ್ಟು ಬೇಕಾದರೂ ಬೈಯಲಿ. ಕಲ್ಲು ಎಲ್ಲಿಟ್ಟೆ —