ಎರಡು ಸಲ ತಟ್ಟಬೇಕು

೯ ಜನವರಿ
ಮತ್ತೆ ದಾದರ್, ಫಿಜಿಯೋಥೆರಪಿ. ಲೋಕಲ್ ರೈಲಿನಲ್ಲಿ ಎಡಗೈಯಿಂದ ಹಿಡಿಕೆ ಹಿಡಿದು ನಿಂತೆ. ಬಲಗೈ ಜೇಬಿನಲ್ಲಿ, ಯಾರದೋ ವಸ್ತುವಿನ ಹಾಗೆ. ಮೊಣಕೈ ಇನ್ನು ನೇರವಾಗುವುದಿಲ್ಲವಂತೆ. ಬೆರಳುಗಳಿಗೆ ಸ್ಪರ್ಶವಿಲ್ಲ. ಜೂಡೋ ಮುಗಿಯಿತು ಅಂದರು ಡಾಕ್ಟರ್.
ಅವ್ವ ಎದುರಾಳಿಯನ್ನು ಬೈಯುತ್ತಾಳೆ. "ಅವನ ಕೈ ಕೊಳೀಲಿ! ನನ್ನ ನದೀಮನ ಕೈ ಮುರದಾನ."
ಅವನದೇನು ತಪ್ಪು? ತೋಳು ಹಿಡಿತದಲ್ಲಿ ಸಿಕ್ಕರೆ ಚಾಪೆಯನ್ನು ಎರಡು ಸಲ ತಟ್ಟಬೇಕು. ತಟ್ಟಿದರೆ ಸೋಲು — ಅವನು ಬಿಡುತ್ತಾನೆ. ನಾನು ತಟ್ಟಲಿಲ್ಲ. ಅಷ್ಟೇ.

೨ ಫೆಬ್ರವರಿ
ಕಾಂದಿವಲಿ. ಅಬ್ಬಾನ ಗಾದಿ ಅಂಗಡಿ. ದಬ್ಬಣ ಹಿಡಿದೆ, ಬಿತ್ತು. ಮತ್ತೆ ಹಿಡಿದೆ, ಬಿತ್ತು. ಅಬ್ಬಾ ಅದನ್ನೆತ್ತಿಕೊಂಡು ತಾನೇ ಹೊಲಿಯತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.
ಜೂಡೋಗಾಗಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಈಗ ಎರಡೂ ಇಲ್ಲ.

೧೯ ಜೂನ್
ಬರೆಯಲು ಏನೂ ಇರಲಿಲ್ಲ. ಮಲಗಿದ್ದೆ.
ಇವತ್ತು ನನಗೆ ಜೂಡೋ ಕಲಿಸಿದ ಸದಾನಂದ ಸರ್ ಮನೆಗೇ ಬಂದರು.
"ಎಂತ ಮಾರಾಯ, ಅಪ್ಪ ಹೊಲಿದ ಗಾದಿಯನ್ನೆಲ್ಲ ನೀನೇ ಮಲಗಿ ಟೆಸ್ಟ್ ಮಾಡುವುದಾ? ನಾಳೆ ಸಾಂತಾಕ್ರೂಜ್‌ನ ಜೂಡೋ ಹಾಲ್‌ಗೆ ಬಾ. ಸಂಜೆಯ ಬ್ಯಾಚ್‌ಗೆ ನೀನೇ ಕಲಿಸು."
"ಕೈ ಇಲ್ಲ ಸರ್."
"ಬಾಯಿ ಉಂಟಲ್ಲ?"
ಕರುಣೆ. ಗೊತ್ತಾಯಿತು. ಆದರೂ ಹ್ಞೂಂ ಅಂದೆ.

೩ ಜುಲೈ
ಕಾಲರ್ ಹಿಡಿಯುವುದು ಹೇಗೆಂದು ತೋರಿಸಲು ಹೋದೆ. ಕೈ ಜಾರಿತು. ಹುಡುಗರೆಲ್ಲ ಬೇರೆ ಕಡೆ ನೋಡಿದರು.
ನಾಳೆ ಹೋಗಬಾರದು.

೨೧ ಜುಲೈ
ಹೋಗುತ್ತಲೇ ಇದ್ದೇನೆ. ಬ್ಯಾಚ್‌ನ ಹುಡುಗ ಸಂತು ಹೊಸಬರಿಗೆ ಹೇಳುತ್ತಿದ್ದ: "ಪತಾ ಹೈ? ಕೈ ಮುರಿದ್ರೂ ನದೀಮ್ ಸರ್ ಟ್ಯಾಪ್ ಮಾಡ್ಲಿಲ್ಲ. ಲೆಜೆಂಡ್!"
ಹಿತವಾಯಿತು. ಎಷ್ಟೋ ತಿಂಗಳ ಮೇಲೆ.

೨೮ ಜುಲೈ
ಬ್ಯಾಚ್‌ನ ಇಬ್ಬರು ಹುಡುಗಿಯರ ಅಭ್ಯಾಸ. ನಿಖಿತಾಳ ತೋಳು ಶಿವಕುಮಾರಿಯ ಹಿಡಿತದಲ್ಲಿ. ಮೊಣಕೈ ತಿರುಗುತ್ತಿತ್ತು. ತಟ್ಟುತ್ತಿಲ್ಲ. ಕಣ್ಣು ನನ್ನ ಮೇಲೆ — ನಗುತ್ತಿದ್ದಾಳೆ.
"ಬಿಡು!" ಕಿರುಚಿದೆ. ಶಿವಕುಮಾರಿ ಬಿಟ್ಟಳು.
"ಇನ್ನೂ ತಡಕೊಳ್ತಿದ್ದೆ ನಾ ಸರ್," ಅಂದಳು ನಿಖಿತಾ. "ನೀವು ಕಹಾಂ ಟ್ಯಾಪ್ ಮಾಡಿದ್ರಿ? ಮಾಡ್ಲೇ ಇಲ್ವಲ್ಲ?"
ಈಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ. ಸ್ಟೇಷನ್ನಿನಲ್ಲಿ ಮೂರು ಲೋಕಲ್ ಹೋಗಲು ಬಿಟ್ಟೆ.

೨೯ ಜುಲೈ
ಎಲ್ಲರನ್ನೂ ಸುತ್ತ ಕೂರಿಸಿ ಮಲಗಿದೆ. ನಿಖಿತಾಗೆ ಎಡಗೈ ಕೊಟ್ಟೆ — ಉಳಿದಿರುವ ಒಂದು.
"ಎಳಿ. ನಾನು ತಟ್ಟಿದ ಮೇಲೆ ಬಿಡು."
"ಸರ್, ಬೇಡ..."
"ಎಳಿ ಅಂದೆ."
ಎಳೆದಳು. ಚೆನ್ನಾಗಿ ಕಲಿತಿದ್ದಾಳೆ. ಅದೇ ನೋವು. ಅದೇ ಹಟವೂ ಬಂತು — ಸುಳ್ಳು ಬರೆಯಲಾರೆ — ತಟ್ಟಬಾರದು ಅನಿಸಿತು, ಈ ಕೈಯೂ ಹೋಗಲಿ ಅನಿಸಿತು.
ತಟ್ಟಿದೆ. ಬಲಗೈ ಸರಿಯಾಗಿ ಏಳಲಿಲ್ಲ. ಚಾಪೆಯನ್ನು ಸವರಿದ ಹಾಗಾಯಿತು. ಮತ್ತೆ ತಟ್ಟಿದೆ. ಸದ್ದೇ ಇಲ್ಲ. ಅವಳಿಗೆ ತಿಳಿಯಲಿಲ್ಲ, ಎಳೆಯುತ್ತಲೇ ಇದ್ದಳು. ಸಂತು ಕಣ್ಣರಳಿಸಿ ನೋಡುತ್ತಿದ್ದ.
"ಸೋತೆ," ಅಂದೆ. ಸಣ್ಣಗೆ ಬಂತು. ಮತ್ತೆ ಜೋರಾಗಿ, "ಸೋತೆ! ಬಿಡು!"
ಬಿಟ್ಟಳು. ಯಾರೂ ಲೆಜೆಂಡ್ ಅನ್ನಲಿಲ್ಲ. ಸಂತು ತಲೆ ತಗ್ಗಿಸಿ ಬೆಲ್ಟ್ ಬಿಗಿದುಕೊಂಡ.
ಜೋಡಿ ಮಾಡಿ ನಿಲ್ಲಿಸಿದೆ. ಮೊದಲು ತಟ್ಟಿದವಳು ನಿಖಿತಾ. ಆಮೇಲೆ ಹಾಲ್ ತುಂಬ ಅದೇ ಸದ್ದು, ಎಲ್ಲರ ಕೈ. ಬದಿಯಲ್ಲಿ ನಿಂತು ಬಲಗೈಯನ್ನು ಗೋಡೆಗೆ ತಟ್ಟಿ ನೋಡಿದೆ. ಒಂದು ಸಲ. ಇನ್ನೊಂದು ಸಲ.