ಕುಣಿಯದ ಬಿಜಲಿ

ಲಾಯಿಲ
12 ಆಗಸ್ಟ್ 2025

ಪ್ರಾಪ್ತಿಯ ಅಪ್ಪನಿಗೆ,

ನಾನು ಕ್ಷೇಮ. ನೀವೂ ಕ್ಷೇಮವೆಂದು ಶಿರ್ತಾಡಿ ಕಡೆಯಿಂದ ಬರುವವರೆಲ್ಲ ಕೇಳದೆಯೇ ಹೇಳುತ್ತಾರೆ. ಫೋನ್ ಇರುವಾಗ ಕಾಗದವೇಕೆಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಮ್ಮದು ಮೂರನೆಯ ಮಾತಿಗೆ ಜಗಳ. ಕಾಗದಕ್ಕೆ ನೀವು ಅಡ್ಡ ಬಾಯಿ ಹಾಕಲಾರಿರಿ.

ನಿಮ್ಮ ಟೆಂಪೊದ ಧನರಾಜ ಬಂದಿದ್ದ. ಆಟಿ ಕಳೆದು ಬರುವ ಸೋಣ ತಿಂಗಳ ಮೊದಲ ಮದುವೆಗೆ, ಮೂಡುಬಿದಿರೆಯ ಸಭಾಭವನಕ್ಕೆ, ಬಂಟ್ವಾಳದ ಮದುಮಗನನ್ನು ನಮ್ಮ ಬಿಜಲಿ ಕುದುರೆಯೇ ಹೊತ್ತು ತರಬೇಕಂತೆ. ಬರೀ ಹೊತ್ತರೆ ಸಾಲದು, ಕುಣಿಯಬೇಕಂತೆ. “ಕುಣಿತ ಬಿಟ್ಟಿದ್ದರೆ ಎಂಟು ದಿನ ಒಳಗೆ ಕಟ್ಟಿ ಹಾಕಲಿಕ್ಕೆ ಹೇಳು, ತಾನಾಗಿ ಬರ್ತದೆ” ಎಂದಿರಂತೆ. ನಿಮ್ಮ ಮಾತು ಸುಳ್ಳಲ್ಲ. ನನ್ನ ತೊಂದರೆ ಅದೇ.

ಆಟಿ ತಿಂಗಳಲ್ಲಿ ಮದುವೆ ಇಲ್ಲವಲ್ಲ, ಶಾಮಿಯಾನ, ಪಾತ್ರೆ, ಕುದುರೆ ಎಲ್ಲಕ್ಕೂ ರಜೆ. ಬಿಜಲಿಯ ಕಾಲು ಊದಿತೆಂದು ಗುರುವಾಯನಕೆರೆಯಿಂದ ದನದ ಡಾಕ್ಟರ್ ಹಸ್ನಾಳನ್ನು ಕರೆಸಿದೆ. ಬಿಜಲಿ ಲಾಯದ ಬಾಗಿಲಲ್ಲಿ ನಿಂತು, ಎಡಕ್ಕೂ ಬಲಕ್ಕೂ ತಲೆ ತೂಗುತ್ತ ಕಾಲು ಬದಲಿಸುತ್ತಿದ್ದಳು. “ನೋಡಿ ಡಾಕ್ಟ್ರೇ, ಬ್ಯಾಂಡ್ ಇಲ್ಲದೆಯೂ ಪ್ರಾಕ್ಟೀಸು!” ಎಂದೆ, ಹೆಮ್ಮೆಯಿಂದ.

ಹುಡುಗಿ ನಗಲಿಲ್ಲ. “ಇದು ಕುಣಿತ ಅಲ್ಲ ಅಕ್ಕಾ. ನಿಮ್ಮನ್ನು ಬಚ್ಚಲಲ್ಲಿ ಹಾಕಿ ದಿನವಿಡೀ ಚಿಲಕ ಹಾಕಿದರೆ ನೀವೂ ಹೀಗೆಯೇ ಮಾಡ್ತೀರಿ.”

“ನಾನು ಬಾಗಿಲು ಮುರಿತೇನೆ ಮಾರಾಯ್ತಿ.”

“ನಿಮಗೆ ಕೈ ಉಂಟು.”

ಹಾಗಾದರೆ ಒಂದು ಕೈ ನೋಡಿಯೇ ಬಿಡುವ ಎಂದು ಗೋದಾಮಿನ ಹಿಂದಿನ ಕೆಂಪು ಮುರಕಲ್ಲಿನ ಗುಡ್ಡಕ್ಕೆ ಬೇಲಿ ಹಾಕಿಸಿ, ಲಾಯದ ಬಾಗಿಲು ಕಿತ್ತೆಸೆದೆ. ಹುಲ್ಲು ಗುಡ್ಡದ ತಲೆಯಲ್ಲಿ, ನೀರು ಬುಡದಲ್ಲಿ ಇಡಬೇಕೆಂದಳು ಹಸ್ನಾ. ನಡೆದು ತಿನ್ನುವುದು, ತಿಂದು ನಡೆಯುವುದೇ ಕುದುರೆಯ ಬಾಳಂತೆ. ಅನ್ನ ಒಂದು ಕಡೆ, ಸಾರು ಅರ್ಧ ಮೈಲು ಆಚೆ ಇಡುವ ಊಟದ ವ್ಯವಸ್ಥೆಯನ್ನು ನಾನಂತೂ ಎಲ್ಲೂ ಕಂಡಿರಲಿಲ್ಲ.

ಆದರೆ ಕಾಲಿನ ಊತ ಇಳಿಯಿತು. ತಗಡಿನ ಸೂರು ಇರುವಾಗಲೂ ಮಹಾರಾಣಿ ಹೊರಗೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಶಾಂಪೂ ಹಾಕಿ ತೊಳೆಯುತ್ತಿದ್ದ ಬಿಳಿ ಮೈಯನ್ನು ಮಣ್ಣಿನಲ್ಲಿ ಹೊರಳಿಸಿ, ಈಗ ಹಂಚಿನ ಬಣ್ಣಕ್ಕೆ ತಂದಿದ್ದಾಳೆ. ತಲೆ ತೂಗುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಒಮ್ಮೆ ಗಾಳಿಮಳೆಗೆ ಹೆದರಿ ಬೆಳಿಗ್ಗೆ ಒಳಗೆ ಕಟ್ಟಿದೆ; ಸಂಜೆಯೊಳಗೆ ಮತ್ತೆ ಶುರು. ಆದ್ದರಿಂದ ನಿಮ್ಮ ಉಪಾಯ ಫಲಿಸುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಬೇಡವೆನ್ನುತ್ತಿದ್ದೇನೆ.

ಬಂಟ್ವಾಳದವರಿಗೆ ಹೇಳಿಬಿಡಿ: ಬಿಜಲಿ ಬರುತ್ತಾಳೆ, ನೆಟ್ಟಗೆ ನಡೆಯುತ್ತಾಳೆ, ಮದುಮಗನನ್ನು ಬೀಳಿಸುವುದಿಲ್ಲ. ಕುಣಿಯಲು ಅವನ ಭಾವಂದಿರು ಇದ್ದಾರಲ್ಲ. ಒಪ್ಪದಿದ್ದರೆ ಕಾರಿನಲ್ಲಿ ಬರಲಿ. ಗಿರಾಕಿ ಕೈತಪ್ಪುವುದು ಖಂಡಿತ. ನಮ್ಮ ಬೋರ್ಡಿನ ‘ಕುಣಿಯುವ ಕುದುರೆ’ಯಲ್ಲಿ ಮೊದಲ ಪದಕ್ಕೆ ಬಣ್ಣ ಬಳಿಸಿಯಾಯಿತು.

ಇನ್ನೊಂದು ಸಂಗತಿ. ಈಗಲೂ ರಸ್ತೆಯಲ್ಲಿ ಟೆಂಪೊ ಸದ್ದಾದರೆ ಬೇಲಿಗೆ ಓಡಿ ಕೆನೆಯುತ್ತಾಳೆ. ಟೆಂಪೊ ಹೋದ ಮೇಲೆ ಅಲ್ಲೇ ನಿಂತು ಸ್ವಲ್ಪ ಹೊತ್ತು ತೂಗುತ್ತಾಳೆ. ಎರಡು ವರ್ಷದ ಹಿಂದೆ ನಿಮ್ಮ ಪಾಲಿನ ಕುದುರೆ ಸುಲ್ತಾನ ಇಲ್ಲಿಂದ ಹೋದದ್ದು ಟೆಂಪೊದಲ್ಲಿ. ಯೋಚಿಸಿ ನೋಡಿದರೆ, ಈ ಕುಣಿತ ಶುರುವಾದದ್ದೂ ಆ ವಾರವೇ. ನಾವು ಬೇರೆಯಾದಾಗ ಹಿರಿಯರು ಕೂತು ಶಾಮಿಯಾನ ನನಗೆ, ಲೈಟು ನಿಮಗೆ, ಕುದುರೆ ತಲೆಗೊಂದು ಎಂದು ಹಂಚಿದರು. ಲೆಕ್ಕ ಸರಿಯಾಗಿಯೇ ಇತ್ತು. ಕುದುರೆಗಳನ್ನು ಮಾತ್ರ ಯಾರೂ ಕೇಳಲಿಲ್ಲ.

ಜೊತೆಗಿರಲಿ ಎಂದು ಆಚೆಮನೆಯ ಪದ್ಮಾಕ್ಷಿಯ ದನವನ್ನು ಬಿಟ್ಟು ನೋಡಿದೆ. ಅದು ಬಿಜಲಿಯನ್ನು, ಬ್ಯಾಂಕಿನ ಮ್ಯಾನೇಜರು ಜಾಮೀನಿಲ್ಲದವನನ್ನು ನೋಡುವ ಹಾಗೆ ನೋಡಿ ಬೆನ್ನು ಹಾಕಿತು. ಸುಲ್ತಾನನೂ ಲಾಯದ ಹಲಗೆ ಕಚ್ಚಿ ಕಚ್ಚಿ ಹಲ್ಲು ಸವೆಸಿದ್ದಾನೆಂದು ಧನರಾಜ ಹೇಳಿದ. ಅದು ಹಸಿವಲ್ಲ, ಹುರುಳಿ ಹೆಚ್ಚು ಹಾಕಬೇಡಿ. ಅವನನ್ನು ಇಲ್ಲಿಗೆ ಬಿಡಿ. ಕುದುರೆ ನಿಮ್ಮದೇ, ಬಾಡಿಗೆಯೂ ನಿಮ್ಮದೇ, ಗುಡ್ಡ ಮಾತ್ರ ನನ್ನದು. ಇದನ್ನು ರಾಜಿಯ ಮಾತೆಂದು ತಿಳಿಯಬೇಡಿ. ರಾಜಿಗಾದರೆ ಇನ್ನೂ ಚಂದದ ಕಾಗದ ತರುತ್ತಿದ್ದೆ.

ಬಿಜಲಿಯ ಪರವಾಗಿ,
ಕಾಂತಿ

ತಾ.ಕ.: ಮಧ್ಯಾಹ್ನ ಅಂಗಡಿಗೆ ಯಾಕೆ ಬೀಗ ಎಂದು ಧನರಾಜ ಊರೆಲ್ಲ ಕೇಳುತ್ತಿದ್ದಾನೆ. ನಿಮಗೊಬ್ಬರಿಗೆ ಹೇಳುತ್ತೇನೆ. ಕುದುರೆ ನಿಂತೇ ತೂಕಡಿಸುತ್ತದೆ; ನೆಲಕ್ಕೆ ಮೈಚಾಚಿ ಮಲಗಬೇಕಾದರೆ ಜೊತೆಯಲ್ಲೊಬ್ಬರು ಎಚ್ಚರವಾಗಿ ನಿಂತಿರಬೇಕಂತೆ. ಸದ್ಯಕ್ಕೆ ಆ ಕೆಲಸ ನನ್ನದು. ಕುರ್ಚಿ ಒಯ್ದು ನೋಡಿದೆ. ನಾನು ಕೂತರೆ ಅವಳು ಏಳುತ್ತಾಳೆ. ಊರಿಗೆಲ್ಲ ಕುರ್ಚಿ ಬಾಡಿಗೆಗೆ ಕೊಡುವವಳು, ನಿಂತೇ ಇರುತ್ತೇನೆ.